ನಿಮಗಿದು ಗೊತ್ತೇ? ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು!

ಚಿಕ್ಕಂದಿನಲ್ಲಿ ಬೀದಿಯಲ್ಲಿ ಲಗೋರಿ ಆಡುವಾಗ ಒಂದು ಮಾತಿತ್ತು, ನೆನಪಿದೆಯಾ? ‘ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ!’ ಅಳುವ ಪುಟ್ಟ ತಮ್ಮನನ್ನು ಸಮಾಧಾನ ಮಾಡಲು ಹೂಡಿದ ಉಪಾಯ ಅದು. ಅವನು ಓಡಬಹುದು, ಕೂಗಬಹುದು. ಆದರೆ ಔಟಾದರೂ ಔಟಲ್ಲ, ಗೆದ್ದರೂ ಗೆಲುವಲ್ಲ. ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳಿಗೆ ಬಹಳ ಕಡೆ ಸಿಗುವ ಜಾಗವೂ ಇದೇ. ಅದೂ ಸಿಕ್ಕಿದರೆ! ಈ ಲೆಕ್ಕವನ್ನೇ ತಲೆಕೆಳಗು ಮಾಡಿದವರ ಸಂಗತಿಗಳು ಇಲ್ಲಿವೆ. ಅವರಲ್ಲಿ ಹಲವರು ಹರೆಯದವರು. ಓದಿ, ಹುಬ್ಬೇರಿಸಿ!

ಇವತ್ತು ಜಗತ್ತಿನ ಉದ್ದಗಲಕ್ಕೂ ಹಬ್ಬಿರುವ ‘ಸ್ಪೆಷಲ್ ಒಲಿಂಪಿಕ್ಸ್’ ಹುಟ್ಟಿದ್ದು ಎಲ್ಲಿ ಗೊತ್ತೇ? ಒಂದು ಮನೆಯ ಹಿತ್ತಲಲ್ಲಿ! ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಯೂನಿಸ್ ಕೆನಡಿ ಶ್ರೈವರ್ ಎಂಬ ಹೆಣ್ಣುಮಗಳ ಮನೆ. ಒಬ್ಬ ತಾಯಿ ಫೋನ್ ಮಾಡಿ ಗೋಳು ತೋಡಿಕೊಂಡಳು. ತನ್ನ ಮಗುವನ್ನು ಯಾವ ಬೇಸಿಗೆ ಶಿಬಿರದವರೂ ಸೇರಿಸಿಕೊಳ್ಳುತ್ತಿಲ್ಲ ಎಂದಳು. ಹಾಗಾದರೆ ನಮ್ಮ ಮನೆಗೇ ಕರೆದುಕೊಂಡು ಬನ್ನಿ ಅಂದುಬಿಟ್ಟರು ಯೂನಿಸ್. 1962ರ ಜೂನ್‌ನಲ್ಲಿ ಹಿತ್ತಲೇ ಮೈದಾನವಾಯಿತು!

ಶಿಬಿರಕ್ಕೆ ಬಂದ ಮಕ್ಕಳು ಮೂವತ್ತಕ್ಕೂ ಹೆಚ್ಚು. ಅವರನ್ನು ನೋಡಿಕೊಂಡವರು ಡಾಕ್ಟರುಗಳಲ್ಲ, ನರ್ಸುಗಳಲ್ಲ. ಹೈಸ್ಕೂಲು, ಕಾಲೇಜಿನ 26 ಹುಡುಗ ಹುಡುಗಿಯರು! ಹೆಚ್ಚುಕಡಿಮೆ ಒಬ್ಬರಿಗೊಬ್ಬರು ಜೋಡಿ. ಒಟ್ಟಿಗೆ ಈಜು, ಒಟ್ಟಿಗೆ ಚೆಂಡಾಟ, ಕುದುರೆ ಸವಾರಿ. ಇಂಥ ಮಕ್ಕಳಿಗೆ ಆಟ ಕಲಿಸಲು ಆಗುವುದಿಲ್ಲ ಎಂದು ದೊಡ್ಡ ದೊಡ್ಡವರು ನಂಬಿದ್ದ ಕಾಲ ಅದು. ಹದಿಹರೆಯದವರಿಗೆ ಆ ಪಾಠವನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಸದ್ಯ!

ಇನ್ನೊಂದು ತಮಾಷೆ ಕೇಳಿ. ಆ ಹಿತ್ತಲಲ್ಲಿ ಓಡಾಡುತ್ತಿದ್ದವರಲ್ಲಿ ಯೂನಿಸರ ಪುಟ್ಟ ಮಗ ತಿಮೊಥಿಯೂ ಒಬ್ಬ. ವಯಸ್ಸು ಆಗಿನ್ನೂ ಮೂರು ತುಂಬಿರಲಿಲ್ಲ. ಮುಂದೆ ಅವನೇ ಇಡೀ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆಯ ಅಧ್ಯಕ್ಷನಾದ!

ಈ ಯೂನಿಸ್ ಯಾರು ಅಂತೀರಾ? ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಎಫ್. ಕೆನಡಿಯ ತಂಗಿ. ಇವರಿಬ್ಬರ ನಡುವೆ ರೋಸ್‌ಮೇರಿ ಎಂಬ ಸಹೋದರಿ. ರೋಸ್‌ಮೇರಿಗೆ ಬೌದ್ಧಿಕ ಅಂಗವೈಕಲ್ಯವಿತ್ತು. 1941ರಲ್ಲಿ, 23ರ ವಯಸ್ಸಿನಲ್ಲಿ, ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಿದರು. ಅದು ಕೆಟ್ಟಿತು. ಆಮೇಲೆ ಬದುಕೆಲ್ಲ ಮನೆಯಿಂದ ದೂರ. ಅಣ್ಣ ಅಧ್ಯಕ್ಷನಾಗಿದ್ದಾಗಲೇ, 1962ರಲ್ಲಿ, ಯೂನಿಸ್ ಪತ್ರಿಕೆಯಲ್ಲಿ ಅಕ್ಕನ ಬಗ್ಗೆ ಬಿಚ್ಚುಮನಸ್ಸಿನಿಂದ ಬರೆದರು. ಇಂಥ ಸಂಗತಿಯನ್ನು ಮನೆಗಳು ಬಾಗಿಲು ಹಾಕಿ ಮುಚ್ಚಿಡುತ್ತಿದ್ದ ಕಾಲದಲ್ಲಿ!

ಮೊದಲ ಕ್ರೀಡಾಕೂಟದ ಬೀಜ ಬಿತ್ತಿದ್ದು ಯಾವ ಮಂತ್ರಿಯೂ ಅಲ್ಲ. ಷಿಕಾಗೋದ ಪಾರ್ಕೊಂದರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದ ಹುಡುಗಿ, ಆ್ಯನ್ ಬರ್ಕ್. ನಮ್ಮೂರಿನ ಈ ಮಕ್ಕಳಿಗೆಲ್ಲ ಸೇರಿ ಒಂದು ಓಟದ ಪಂದ್ಯ ಇಡೋಣ ಎಂದಳು. ಊರಿನ ಪಂದ್ಯ ಯಾಕೆ, ದೇಶದ್ದೇ ಆಗಲಿ ಎಂದರು ಯೂನಿಸ್. ಆ ಆಟದ ಟೀಚರ್ ಮುಂದೆ ಏನಾದಳು ಗೊತ್ತೇ? ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ!

ಆ ಮೊದಲ ಕೂಟದ ದಿನ, 1968ರ ಜುಲೈ 20. ಷಿಕಾಗೋದ ಸೋಲ್ಜರ್ ಫೀಲ್ಡ್ ಎಂಬ ಭಾರೀ ಕ್ರೀಡಾಂಗಣ. ಅಮೆರಿಕದ 26 ರಾಜ್ಯಗಳಿಂದ, ಕೆನಡಾದಿಂದ ಸುಮಾರು ಸಾವಿರ ಆಟಗಾರರು ಬಂದಿದ್ದರು. ನೋಡಲು ಬಂದವರು? ನೂರರ ಆಸುಪಾಸು! ಊರ ಜಾತ್ರೆಯ ಕಬಡ್ಡಿಗೆ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ ಬಿಡಿ. ಯೂನಿಸರ ಇನ್ನೊಬ್ಬ ಸಹೋದರ ರಾಬರ್ಟ್ ಕೆನಡಿ ಗುಂಡೇಟಿಗೆ ಸತ್ತು ಆಗಿನ್ನೂ ಎರಡು ತಿಂಗಳಾಗಿರಲಿಲ್ಲ. ಆದರೂ ಯೂನಿಸ್ ಬಂದು ವೇದಿಕೆ ಹತ್ತಿದರು.

ಅದೇ ಕೂಟದಲ್ಲಿ ಮಾರ್ಟಿ ಶೀಟ್ಸ್ ಎಂಬ ಹದಿಹರೆಯದ ಹುಡುಗನಿದ್ದ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಬಂದವನಿಗೆ ಅಲ್ಲಿ ಆರೋಗ್ಯ ಕೆಟ್ಟು ಆಡಲು ಆಗಲೇ ಇಲ್ಲ. ಯೂನಿಸ್ ಅವನಿಗೆ ಚಿನ್ನದ ಪದಕ ಕೊಟ್ಟರು, ಧೈರ್ಯಕ್ಕಾಗಿ! ಆಮೇಲೆ ಅವನು ಆಡಿ ಗೆದ್ದ ಪದಕಗಳಿಗೆ ಲೆಕ್ಕ ಇಡುವುದೇ ಕಷ್ಟವಾಯಿತು.

ಈಗ ಬರೋಣ ನಿಜವಾದ ಮೋಜಿಗೆ. ‘ಯುನಿಫೈಡ್ ಸ್ಪೋರ್ಟ್ಸ್’ ಕೇಳಿದ್ದೀರಾ? ಬೌದ್ಧಿಕ ಅಂಗವೈಕಲ್ಯ ಇರುವವರು, ಇಲ್ಲದವರು ಒಂದೇ ತಂಡದಲ್ಲಿ, ಒಂದೇ ಬಣ್ಣದ ಜೆರ್ಸಿಯಲ್ಲಿ. ಮೊದಲಿನವರಿಗೆ ‘ಅಥ್ಲೀಟ್’, ಎರಡನೆಯವರಿಗೆ ‘ಪಾರ್ಟ್‌ನರ್’ ಎನ್ನುತ್ತಾರೆ. ಗಮನಿಸಿ, ಸಹಾಯಕ ಎನ್ನುವುದಿಲ್ಲ. ಪಾರ್ಟ್‌ನರ್!

ಎಷ್ಟೆಷ್ಟು ಜನ ಎನ್ನುವುದಕ್ಕೂ ಕಟ್ಟುನಿಟ್ಟಿನ ಲೆಕ್ಕವಿದೆ. ಹನ್ನೊಂದು ಜನರ ಫುಟ್‌ಬಾಲಿನಲ್ಲಿ 6 ಅಥ್ಲೀಟ್, 5 ಪಾರ್ಟ್‌ನರ್. ಏಳು ಜನರದ್ದಾದರೆ 4 ಮತ್ತು 3. ಬ್ಯಾಸ್ಕೆಟ್‌ಬಾಲಿನಲ್ಲಿ 3 ಮತ್ತು 2. ವಾಲಿಬಾಲಿನಲ್ಲಿ ಸರಿಸಮ, 3 ಮತ್ತು 3. ಕೊನೆಯ ನಿಮಿಷದಲ್ಲಿ ಸೋಲುತ್ತಿದ್ದೇವೆ, ಒಬ್ಬ ಪಾರ್ಟ್‌ನರ್‌ನನ್ನು ಜಾಸ್ತಿ ಇಳಿಸೋಣ ಅಂದರೆ ನಡೆಯುವುದಿಲ್ಲ! ಎಣಿಸಿ ನೋಡಿ, ಬಹಳ ಆಟಗಳಲ್ಲಿ ಅಥ್ಲೀಟುಗಳದ್ದೇ ಬಹುಮತ.

4x100 ಮೀಟರ್ ರಿಲೇಯಲ್ಲಿ ಇಬ್ಬರು ಅಥ್ಲೀಟ್, ಇಬ್ಬರು ಪಾರ್ಟ್‌ನರ್. ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬ ಹುಡುಗಿ ಕೈ ಹಿಂದೆ ಚಾಚಿ, ಕತ್ತು ಅರ್ಧ ತಿರುಗಿಸಿ ನಿಂತಿದ್ದಾಳೆ. ಹಿಂದಿನಿಂದ ಓಡಿ ಬರುವವಳಿಗೆ ಬೇಟನ್ ಕೊಡುವುದಷ್ಟೇ ಗೊತ್ತು, ಯಾವಾಗ ಬಿಡಬೇಕು ಅನ್ನುವುದೇ ಕಷ್ಟ. ಇವಳಿಗೆ ಅವಳ ಓಟದ ಲಯ ಗೊತ್ತಿರಬೇಕು. ಅವಳಿಗೆ ಇವಳ ಅಂಗೈ ಗೊತ್ತಿರಬೇಕು. ಒಂದು ದಿನದಲ್ಲಿ ಬರುವುದಲ್ಲ ಇದು. ಬೇಟನ್ ಬಿದ್ದರೆ ನಾಲ್ವರಿಗೂ ಸೋಲು, ಮುಟ್ಟಿದರೆ ನಾಲ್ವರಿಗೂ ಗೆಲುವು. ಇಲ್ಲಿ ಯಾರು ಲೆಕ್ಕಕ್ಕಿಲ್ಲ, ಹೇಳಿ ನೋಡೋಣ!

‘ಬೊಚ್ಚೆ’ ಎಂಬ ಆಟ ನೋಡಿದ್ದೀರಾ? ಇಟಲಿ ಕಡೆಯದು. ನಮ್ಮ ಗೋಲಿಯಾಟಕ್ಕೆ ದೂರದ ನೆಂಟ ಎನ್ನಬಹುದು. ಮೊದಲು ಒಂದು ಪುಟ್ಟ ಗುಂಡನ್ನು ಉರುಳಿಸುತ್ತಾರೆ. ಆಮೇಲೆ ಎರಡು ತಂಡಗಳೂ ನಾಲ್ಕು ನಾಲ್ಕು ದೊಡ್ಡ ಚೆಂಡು ಉರುಳಿಸಿ, ಆ ಗುಂಡಿನ ಹತ್ತಿರಕ್ಕೆ ಹೋಗಬೇಕು. ವಿಚಿತ್ರ ಏನು ಗೊತ್ತೇ? ಯಾರ ಚೆಂಡು ದೂರವಿದೆಯೋ ಅವರಿಗೇ ಮುಂದಿನ ಸರದಿ! ಹತ್ತಿರ ಹೋಗುವವರೆಗೆ ಅಥವಾ ಚೆಂಡು ಮುಗಿಯುವವರೆಗೆ ಅವರದ್ದೇ ಆಟ. ಹಿಂದೆ ಬಿದ್ದವರಿಗೆ ಮತ್ತೆ ಮತ್ತೆ ಅವಕಾಶ ಕೊಡುವ ಆಟ ಇದು. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಎಲ್ಲಿಲ್ಲದ ಪ್ರೀತಿ. 2024ರ ನವೆಂಬರಿನಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ಬೊಚ್ಚೆ ಪಂದ್ಯ ನಡೆದದ್ದು ನಮ್ಮ ದೆಹಲಿಯಲ್ಲೇ!

ಇನ್ನು ಫ್ಲೋರ್ ಹಾಕಿ. ಇದರ ‘ಪಕ್’ ನೋಡಿದರೆ ನಿಮಗೆ ಹಸಿವಾಗುತ್ತದೆ. ಒತ್ತಿದ ಉಣ್ಣೆಯಲ್ಲಿ ಮಾಡಿದ ಬಿಲ್ಲೆ, ಅಗಲ 20 ಸೆಂಟಿಮೀಟರ್, ನಡುವೆ 10 ಸೆಂಟಿಮೀಟರಿನ ತೂತು. ಥೇಟ್ ಉದ್ದಿನ ವಡೆ! ಸ್ಟಿಕ್ಕಿಗೆ ಬಾಗಿದ ತುದಿ ಇಲ್ಲ, ಬರೀ ಕೋಲು. ಕೋಲಿನ ತುದಿಯನ್ನು ತೂತಿನೊಳಗೆ ಇಟ್ಟು ಪಕ್ಕನ್ನು ಎಳೆದುಕೊಂಡು ಓಡುವುದು. ಈ ಆಟ 1968ರ ಮೊದಲ ಕೂಟದಲ್ಲೇ ಇತ್ತು!

ಸ್ಪೆಷಲ್ ಒಲಿಂಪಿಕ್ಸ್ ಪಂದ್ಯಗಳಲ್ಲಿ ಚುರುಕಾದವನು ಚುರುಕಾದವನ ಜೊತೆ, ನಿಧಾನದವನು ನಿಧಾನದವನ ಜೊತೆ ಓಡುತ್ತಾನೆ. ಮೊದಲು ಒಂದು ಸುತ್ತು ಓಡಿಸಿ ಸಮಯ ಬರೆದುಕೊಳ್ಳುತ್ತಾರೆ. ಆಮೇಲೆ ಹೆಚ್ಚುಕಡಿಮೆ ಒಂದೇ ವೇಗದ ಮೂರರಿಂದ ಎಂಟು ಜನರ ಗುಂಪು. ಆದ್ದರಿಂದ ಫೈನಲ್ ಅಂದರೆ ಕತ್ತುಕತ್ತಿನ ಪೈಪೋಟಿ!

ಆದರೆ ನಮ್ಮಂಥವರ ತಲೆ ಓಡುವುದು ಎಲ್ಲಿಗೆ? ಮೊದಲ ಸುತ್ತಿನಲ್ಲಿ ಬೇಕೆಂದೇ ಆಮೆ ಹಾಗೆ ಓಡಿ, ನಿಧಾನದ ಗುಂಪಿಗೆ ಸೇರಿ, ಫೈನಲಿನಲ್ಲಿ ಚಿಗರೆಯಾದರೆ? ಅದಕ್ಕೂ ಬೀಗ ಹಾಕಿದ್ದಾರೆ! ಮೊದಲ ಸುತ್ತಿಗಿಂತ ಫೈನಲಿನಲ್ಲಿ ಶೇ 15ಕ್ಕಿಂತ ಹೆಚ್ಚು ಸುಧಾರಿಸಿದರೆ ಅನರ್ಹಗೊಳಿಸಬಹುದು. ಮೊದಲು 20 ಸೆಕೆಂಡಿನಲ್ಲಿ ಓಡಿದವನು ಆಮೇಲೆ 17ಕ್ಕಿಂತ ಬೇಗ ಗುರಿ ಮುಟ್ಟಿದ ಅನ್ನಿ. ಚಪ್ಪಾಳೆಯ ಬದಲು ವಿಚಾರಣೆ! ಅತಿ ವೇಗವಾಗಿ ಓಡಿದ್ದಕ್ಕೆ ಪದಕ ಕೈತಪ್ಪುವ ಓಟದ ಪಂದ್ಯ ಬೇರೆಲ್ಲಿ ಕೇಳಿದ್ದೀರಿ?

ಮೂರನೇ ಸ್ಥಾನಕ್ಕೆ ಕಂಚು, ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾಲ್ಕರಿಂದ ಎಂಟರವರೆಗೂ ರಿಬ್ಬನ್ ಉಂಟು! ವೇದಿಕೆಯ ಮೇಲೆ ಎಂಟೂ ಜನ.

ಮೊದಮೊದಲು ಓಟದ ಗೆರೆಯಾಚೆ ಒಂದು ವಿಶೇಷ ಹುದ್ದೆ ಇತ್ತು. ಓಡಿ ಬಂದವರನ್ನು ಅಪ್ಪಿಕೊಳ್ಳುವುದು! ಅದಕ್ಕೆಂದೇ ಸ್ವಯಂಸೇವಕರು ತೋಳು ಚಾಚಿ ನಿಂತಿರುತ್ತಿದ್ದರು. ನಿಧಾನವಾಗಿ ಅದು ಹಿಂದೆ ಸರಿಯಿತು. ನಲವತ್ತು ವರ್ಷದ ಓಟಗಾರನನ್ನು ಮಗುವಿನಂತೆ ಮುದ್ದು ಮಾಡಿದರೆ ಅವನಿಗೆ ಮುಜುಗರವಾಗುವುದಿಲ್ಲವೇ? ಕೈ ಕುಲುಕಿದರೆ ಸಾಕು. ನನ್ನನ್ನು ಕೇಳಿದರೆ, ಅಪ್ಪುಗೆಯಲ್ಲಿ ಇಲ್ಲದ ಮರ್ಯಾದೆ ಆ ಕೈಕುಲುಕಿನಲ್ಲಿದೆ.

ಇದು ಪ್ಯಾರಾಲಿಂಪಿಕ್ಸ್ ತಾನೇ ಎಂದು ಕೇಳುವವರು ಬಹಳ. ಅಲ್ಲ! ಅದೇ ಬೇರೆ, ಇದೇ ಬೇರೆ. ಪ್ಯಾರಾಲಿಂಪಿಕ್ಸ್‌ನಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಇರುವುದು ಕೆಲವೇ ಸ್ಪರ್ಧೆ. ನಡುವೆ ಹತ್ತು ಹನ್ನೆರಡು ವರ್ಷ ಅದೂ ಇರಲಿಲ್ಲ. ಅದಕ್ಕೆ ಕಾರಣ ಕೇಳಿದರೆ ಮೈ ಉರಿಯುತ್ತದೆ.

2000ದ ಸಿಡ್ನಿ ಪ್ಯಾರಾಲಿಂಪಿಕ್ಸ್. ಈ ವಿಭಾಗದ ಬ್ಯಾಸ್ಕೆಟ್‌ಬಾಲಿನಲ್ಲಿ ಸ್ಪೇನ್ ಚಿನ್ನ ಗೆದ್ದಿತು. ತಂಡದಲ್ಲಿ 12 ಜನ. ಅವರಲ್ಲಿ 10 ಜನರಿಗೆ ಯಾವ ಅಂಗವೈಕಲ್ಯವೂ ಇರಲಿಲ್ಲ! ಗುಟ್ಟು ಒಡೆದವನು ಕಾರ್ಲೋಸ್ ರಿಬಗೋರ್ಡ, ಪತ್ರಕರ್ತ. ವೇಷ ಮರೆಸಿಕೊಂಡು ಅದೇ ತಂಡದಲ್ಲಿ ಆಡಿ ಪದಕ ಗೆದ್ದವನು! ಪದಕ ವಾಪಸಾಯಿತು. ಆದರೆ ಶಿಕ್ಷೆ ಯಾರಿಗೆ ಬಿತ್ತು ನೋಡಿ. ಈ ವಿಭಾಗವನ್ನೇ ತೆಗೆದುಹಾಕಿದರು, 2012ರ ಲಂಡನ್‌ವರೆಗೆ. ಕದ್ದವರು ಯಾರೋ, ದಂಡ ತೆತ್ತವರು ಇನ್ಯಾರೋ!

ಬಾಗಿಲು ಮತ್ತೆ ತೆರೆದದ್ದರಿಂದ ನಮಗೇನು ಸಿಕ್ಕಿತು ಗೊತ್ತೇ? ದೀಪ್ತಿ ಜೀವಾಂಜಿ! ಪಕ್ಕದ ತೆಲಂಗಾಣದ ವಾರಂಗಲ್ ಕಡೆಯ ಕಲ್ಲೆಡ ಹಳ್ಳಿಯ ಹುಡುಗಿ. ಊರವರು ಹೀಯಾಳಿಸುತ್ತಿದ್ದರು. 2024ರ ಮೇನಲ್ಲಿ ಜಪಾನಿನ ಕೋಬೆಯಲ್ಲಿ 400 ಮೀಟರನ್ನು 55.07 ಸೆಕೆಂಡಿನಲ್ಲಿ ಓಡಿ ತನ್ನ ವಿಭಾಗದ ವಿಶ್ವದಾಖಲೆ ಬರೆದಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನಲ್ಲಿ ಕಂಚು. ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಗೆದ್ದ, ಬೌದ್ಧಿಕ ಅಂಗವೈಕಲ್ಯ ಇರುವ ಮೊದಲ ಭಾರತೀಯಳು ಇವಳೇ. ಆಗ ಅವಳಿಗೆ ಇನ್ನೂ 20! ಕಷ್ಟಕಾಲದಲ್ಲಿ ಮಾರಿದ್ದ ಜಮೀನನ್ನು ಮಗಳ ಬಹುಮಾನದ ದುಡ್ಡಿನಲ್ಲೇ ಆ ಮನೆಯವರು ಮರಳಿ ಕೊಂಡರು.

ಒಂದು ಪದವನ್ನು ಓಡಿಸಲು ಇಬ್ಬರು ಕಾಲೇಜು ಹುಡುಗರು ಸಾಕು ಅಂದರೆ ನಂಬುತ್ತೀರಾ? ಇಂಗ್ಲಿಷಿನಲ್ಲಿ ‘ರಿಟಾರ್ಡ್’ ಅಂತ ಬೈಗುಳ, ಬೌದ್ಧಿಕ ಅಂಗವೈಕಲ್ಯ ಇರುವವರನ್ನು ಹೀಯಾಳಿಸುವಂಥದ್ದು. 2009ರಲ್ಲಿ ಅಮೆರಿಕದ ಬಾಯ್ಸಿಯಲ್ಲಿ ಸ್ಪೆಷಲ್ ಒಲಿಂಪಿಕ್ಸ್‌ನ ಯುವ ಸಮಾವೇಶ ನಡೆಯಿತು. ಆಗ ಸೋರೆನ್ ಪಲುಂಬೊ ಮತ್ತು ಟಿಮ್ ಶ್ರೈವರ್ ಎಂಬ ಇಬ್ಬರು ವಿದ್ಯಾರ್ಥಿಗಳು ಈ ಪದ ಬಳಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸುವ ಚಳವಳಿಗೆ ಕೈಹಾಕಿದರು. ಶಾಲೆ ಶಾಲೆಗಳಲ್ಲಿ ಬ್ಯಾನರಿನ ಮೇಲೆ ಮಕ್ಕಳ ಸಹಿ! ಮಾರ್ಚ್ ತಿಂಗಳ ಮೊದಲ ಬುಧವಾರ ಅದಕ್ಕೆಂದೇ ಮೀಸಲಾಯಿತು. ಹಾಂ, ಈ ಟಿಮ್ ಯಾರು ಗೊತ್ತಾಯಿತಾ? ಹಿತ್ತಲಲ್ಲಿ ಆಡುತ್ತಿದ್ದ ಆ ಪುಟ್ಟ ತಿಮೊಥಿಯ ಮಗ!

ಮರುವರ್ಷವೇ, 2010ರ ಅಕ್ಟೋಬರ್ 5ರಂದು, ಅಧ್ಯಕ್ಷ ಒಬಾಮ ಒಂದು ಕಾಯ್ದೆಗೆ ಸಹಿ ಹಾಕಿದರು. ಹೆಸರು ‘ರೋಸಾ ಕಾನೂನು’. ಆರೋಗ್ಯ, ಶಿಕ್ಷಣ, ಕಾರ್ಮಿಕ ಕ್ಷೇತ್ರದ ಕಾನೂನುಗಳಿಂದ ‘ಮೆಂಟಲ್ ರಿಟಾರ್ಡೇಶನ್’ ಎಂಬ ಹಳೆಯ ಪದ ಹೋಗಿ, ‘ಬೌದ್ಧಿಕ ಅಂಗವೈಕಲ್ಯ’ ಎಂಬರ್ಥದ ಪದ ಬಂತು. ರೋಸಾ ಯಾರು? ಡೌನ್ ಸಿಂಡ್ರೋಮ್ ಇದ್ದ ಒಂಬತ್ತರ ಬಾಲಕಿ!

ನಮ್ಮಲ್ಲೂ ಕಾಗದ ಬದಲಾಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇಂಗ್ಲಿಷಿನ ಆ ಹಳೆಯ ಪದವೇ ಇತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಿಲ್ಲ. ಅಂಗವೈಕಲ್ಯಗಳ ಪಟ್ಟಿ ಕೂಡ 7ರಿಂದ 21 ಬಗೆಗೆ ಏರಿತು. ನಾಲಿಗೆ ಮಾತ್ರ ಇನ್ನೂ ಹಳೆಯದೇ. ‘ಏ ಮೆಂಟ್ಲು’ ಎನ್ನುವುದು ನಮ್ಮ ಮೈದಾನಗಳಲ್ಲಿ ಕ್ಯಾಚ್ ಬಿಟ್ಟವನಿಗೆ ಸಿಗುವ ಬಿರುದು. ನಾನೂ ಅಂದಿದ್ದೇನೆ, ಅನ್ನಿಸಿಕೊಂಡಿದ್ದೇನೆ.

ಮಾರ್ಚ್ 21ರಂದು ಯಾರಾದರೂ ಒಂದು ಕಾಲಿಗೆ ಕೆಂಪು, ಇನ್ನೊಂದಕ್ಕೆ ಹಳದಿ ಕಾಲುಚೀಲ ಹಾಕಿಕೊಂಡು ಬಂದರೆ ನಗಬೇಡಿ! ಅದು ವಿಶ್ವ ಡೌನ್ ಸಿಂಡ್ರೋಮ್ ದಿನ. ಆ ದಿನವೇ ಯಾಕೆ? ಸಾಮಾನ್ಯವಾಗಿ 21ನೇ ವರ್ಣತಂತು ಎರಡಿರುತ್ತದೆ, ಡೌನ್ ಸಿಂಡ್ರೋಮ್ ಇದ್ದವರಲ್ಲಿ ಮೂರು. 21ರದ್ದು ಮೂರು, ಅದಕ್ಕೆ ಮೂರನೇ ತಿಂಗಳ 21!

ಅದೇ ಡೌನ್ ಸಿಂಡ್ರೋಮ್ ಇರುವ ಕ್ರಿಸ್ ನಿಕಿಚ್‌ನ ಕಥೆ ಕೇಳಿ. ‘ಐರನ್‌ಮ್ಯಾನ್’ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ ಪೂರ್ತಿ ಮ್ಯಾರಥಾನ್. ಎಲ್ಲವೂ ಒಂದೇ ದಿನ, 17 ಗಂಟೆಯೊಳಗೆ! ನನಗಂತೂ ಓದುವಾಗಲೇ ಸುಸ್ತು. 2020ರ ನವೆಂಬರ್ 7ರಂದು ಫ್ಲಾರಿಡಾದಲ್ಲಿ 21ರ ಈ ಹುಡುಗ ಸೈಕಲಿಂದ ಬಿದ್ದ, ಇರುವೆಗಳಿಂದ ಕಚ್ಚಿಸಿಕೊಂಡ, ಆದರೂ ಮುಗಿಸಿದ. 16 ಗಂಟೆ 46 ನಿಮಿಷ 9 ಸೆಕೆಂಡ್. ಗಡುವಿಗೆ ಉಳಿದದ್ದು ಹದಿನಾಲ್ಕು ನಿಮಿಷಕ್ಕೂ ಕಡಿಮೆ! ಡೌನ್ ಸಿಂಡ್ರೋಮ್ ಇದ್ದೂ ಐರನ್‌ಮ್ಯಾನ್ ಮುಗಿಸಿದ ಮೊದಲಿಗ ಅವನು. ಅವನ ಸೂತ್ರ ಬಲು ಸರಳ: ದಿನಕ್ಕೆ ಶೇ 1ರಷ್ಟು ಸುಧಾರಣೆ.

ಬದುಕಿರುವಾಗಲೇ ಅಮೆರಿಕದ ನಾಣ್ಯದ ಮೇಲೆ ಮುಖ ಮೂಡಿಸಿಕೊಂಡ ಮೊದಲ ಮಹಿಳೆ ಯಾರು? ನಮ್ಮ ಯೂನಿಸ್! 1995ರ ಸ್ಪೆಷಲ್ ಒಲಿಂಪಿಕ್ಸ್ ವಿಶ್ವ ಕ್ರೀಡಾಕೂಟದ ನೆನಪಿನ ಬೆಳ್ಳಿ ಡಾಲರ್ ಅದು.

ಸಂಸ್ಥೆಯ ಈಗಿನ ಲಾಂಛನ ನೋಡಿದ್ದೀರಾ? ಕೈ ಎತ್ತಿದ ಐದು ಬೊಂಬೆಗಳ ವೃತ್ತ. ಅದರ ಮೂಲ ಒಂದು ಶಿಲ್ಪ. ಕೊಟ್ಟವರು? ಸೋವಿಯತ್ ಒಕ್ಕೂಟ! ಅಮೆರಿಕ, ರಷ್ಯಾ ಹಾವು ಮುಂಗುಸಿಯಂತಿದ್ದ 1979ರಲ್ಲಿ, ಜುರಾಬ್ ತ್ಸೆರೆತೆಲಿ ಎಂಬ ಶಿಲ್ಪಿ ಮಾಡಿದ ಉಡುಗೊರೆ.

2003ರಲ್ಲಿ ಬೇಸಿಗೆಯ ವಿಶ್ವಕೂಟ ಮೊದಲ ಬಾರಿ ಅಮೆರಿಕದ ಹೊಸಿಲು ದಾಟಿ ಐರ್ಲೆಂಡಿಗೆ ಹೋಯಿತು. ಉದ್ಘಾಟಕರು ನೆಲ್ಸನ್ ಮಂಡೇಲಾ! 30,000 ಸ್ವಯಂಸೇವಕರು. ಒಂದೊಂದು ದೇಶದ ತಂಡವನ್ನು ಒಂದೊಂದು ಊರು ಅತಿಥಿಯಾಗಿ ಬರಮಾಡಿಕೊಂಡಿತು. ಮದುವೆಗೆ ಬಂದ ಬೀಗರನ್ನು ಊರಿನ ಮನೆಮನೆಗೆ ಹಂಚುತ್ತಿದ್ದರಲ್ಲ ಹಿಂದೆ, ಹಾಗೆ!

ಕ್ರೀಡಾಕೂಟದಲ್ಲಿ ಕಿವಿ ತೊಳೆಸಿಕೊಂಡು ಬರುವವರೂ ಇದ್ದಾರೆ ಗೊತ್ತೇ? 1997ರಿಂದ ಆಟಗಾರರಿಗೆ ಕಣ್ಣು, ಹಲ್ಲು, ಕಿವಿಯ ಉಚಿತ ತಪಾಸಣೆ ನಡೆಯುತ್ತದೆ. ಕಿವಿಯಲ್ಲಿ ಆಗಾಗ ಸಿಗುವ ತೊಂದರೆ ಬರೀ ಗುಗ್ಗೆ! ‘ಹೇಳಿದ್ದು ಅರ್ಥವಾಗೋದಿಲ್ಲ ಇವನಿಗೆ’ ಎಂದು ಬೈಸಿಕೊಂಡ ಹುಡುಗನಿಗೆ ಹೇಳಿದ್ದು ಕೇಳಿಸಿಯೇ ಇರುವುದಿಲ್ಲ!

ನಮ್ಮವರೇನು ಕಡಿಮೆಯೇ? 2019ರ ಅಬುಧಾಬಿಯಲ್ಲಿ ಭಾರತಕ್ಕೆ 368 ಪದಕ! 2023ರ ಬರ್ಲಿನ್‌ನಲ್ಲಿ 202, ಅದರಲ್ಲಿ ಚಿನ್ನವೇ 76! ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂದಿರಬಹುದು, ನೀವು ಪುಟ ತಿರುವಿರಬಹುದು. 2025ರಲ್ಲಿ ಇಟಲಿಯ ಟುರಿನ್ ಚಳಿಗಾಲದ ಕೂಟದಲ್ಲಿ, 33 ಪದಕ!

ಮುಂದಿನ ಬೇಸಿಗೆ ವಿಶ್ವಕೂಟ 2027ರಲ್ಲಿ, ಚಿಲಿಯ ಸ್ಯಾಂಟಿಯಾಗೋದಲ್ಲಿ. ಭೂಗೋಳದ ದಕ್ಷಿಣಾರ್ಧಕ್ಕೆ ಈ ಕೂಟ ಇಳಿಯುತ್ತಿರುವುದು ಇದೇ ಮೊದಲು!

ಸ್ಪರ್ಧಿಸಲು ಕನಿಷ್ಠ ವಯಸ್ಸು 8. ಗರಿಷ್ಠ? ಇಲ್ಲವೇ ಇಲ್ಲ! ಎಪ್ಪತ್ತರ ಅಜ್ಜನೂ ಚೆಂಡು ಉರುಳಿಸಬಹುದು.

ಕೊನೆಗೆ ನಿಮಗೇ ಒಂದು ಮಾತು. ಪಾರ್ಟ್‌ನರ್ ಆಗಲು ನೀವು ದೊಡ್ಡ ಆಟಗಾರ ಆಗಿರಬೇಕು ಅಂದುಕೊಂಡಿರಾ? ಉಲ್ಟಾ! ತಂಡದ ಎಲ್ಲರ ಆಟವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು ಎನ್ನುವುದೇ ಯುನಿಫೈಡ್ ತಂಡ ಕಟ್ಟುವ ಸೂತ್ರ. ಚೆಂಡನ್ನು ತಾನೊಬ್ಬನೇ ಇಟ್ಟುಕೊಂಡು ಮೆರೆಯುವ ಪಾರ್ಟ್‌ನರ್‌ಗೆ ಅಲ್ಲಿ ಜಾಗವಿಲ್ಲ. ನಿಮ್ಮ ಆಟ ಸುಮಾರಾಗಿದೆಯಾ? ಶಾಲೆಯ ತಂಡಕ್ಕೆ ಯಾವತ್ತೂ ಆಯ್ಕೆಯಾಗಿಲ್ಲವಾ? ಹಾಗಾದರೆ ಬನ್ನಿ, ನಿಮ್ಮಂಥವರೇ ಬೇಕಾಗಿರುವುದು!